ಅರ್ಹ ಚರ್ಮ

ರಾತ್ರಿ ಉದುರಿದ್ದನ್ನು ಹಾಸಿಗೆಯ ಮೇಲಿಂದ ಅಂಗೈಯಲ್ಲಿ ಒತ್ತರಿಸುತ್ತ, ಒಬ್ಬ ಮನುಷ್ಯ ದಿನಾ ಇಷ್ಟಿಷ್ಟು ಉದುರಿದರೂ ಮುಗಿದುಹೋಗುವುದಿಲ್ಲವಲ್ಲ ಎಂದು ಡಾಕ್ಟರ್ ಜೆನೇಸಿಯೊ ಎಂದಿನಂತೆ ಅಂದುಕೊಂಡ. ಬೆಳ್ಳಗಿನ, ತೆಳ್ಳಗಿನ ಹುರುಪೆ. ಮೀನು ಹೆರೆದ ಮಣೆಯ ಮೇಲೆ ಉಳಿಯುವಂಥದ್ದು. ಕೆಲಸದವಳು ಬರುವ ಮೊದಲು ಹೊದಿಕೆಯನ್ನು ಹಿತ್ತಲ ಕಿಟಕಿಯಿಂದ ಕೊಡವುವುದು ಹೆಂಡತಿ ಇವೋನಿಯ ಪಾಲಿನ ಕೆಲಸ. ಮದುವೆಯಾದಂದಿನಿಂದ ಕೊಡವುತ್ತಿದ್ದಾಳೆ. ಆ ಕಿಟಕಿಯ ಕೆಳಗಿನ ದಾಸವಾಳ ಉಳಿದ ಗಿಡಗಳಿಗಿಂತ ಹುಲುಸಾಗಿ ಬೆಳೆದಿದ್ದನ್ನು ನೋಡಿದಾಗೆಲ್ಲ, ತನ್ನ ದೇಹ ಈ ಊರಿಗೆ ಮಾಡಿದ ಏಕೈಕ ಉಪಕಾರ ಇದೇ ಇರಬೇಕು ಅನಿಸುತ್ತಿತ್ತು ಅವನಿಗೆ. ಕನ್ನಡಿಯ ಮುಂದೆ ಮೊಣಕೈ ಎತ್ತಿ ನೋಡಿಕೊಂಡ. ಎರಡೂ ಕೆಂಡದಂತೆ ಕೆಂಪು. ಇದರ ಬಗ್ಗೆ ಅವನಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಸೋರಿಯಾಸಿಸ್ ಅಂಟುವುದಿಲ್ಲ, ರಕ್ತ ಕೆಟ್ಟು ಬರುವುದಲ್ಲ, ಪಾಪದಿಂದ ಬರುವುದಲ್ಲ. ಮೈಯ ಕಾವಲುಗಾರರೇ ದಿಕ್ಕು ತಪ್ಪಿ ಚರ್ಮಕ್ಕೆ ಬೆಳೆ ಬೆಳೆ ಎಂದು ಅವಸರ ಮಾಡುತ್ತಾರೆ. ನಿಧಾನವಾಗಿ ಬೆಳೆದು ಉದುರಬೇಕಾದ್ದು ಗಡಿಬಿಡಿಯಲ್ಲಿ ಒಂದರ ಮೇಲೊಂದು ಪೇರಿಕೊಳ್ಳುತ್ತದೆ. ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಗೆ ಬರುತ್ತದೆ. ಕೆರೆಯಬಾರದು, ಸ್ನಾನವಾದ ಕೂಡಲೇ ಜಿಡ್ಡು ಹಚ್ಚಬೇಕು, ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಮೈ ಒಡ್ಡಬೇಕು, ಮನಸ್ಸು ತಣ್ಣಗಿರಬೇಕು. ಇದನ್ನೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬು ಕಡಿಯುವವರಿಗೆ ಎಷ್ಟು ಚೆನ್ನಾಗಿ ತಿಳಿಸಿ ಹೇಳುತ್ತಿದ್ದನೆಂದರೆ, ಅವರು ಕೃತಜ್ಞತೆಗೆ ಕೋಳಿ ತಂದುಕೊಡುತ್ತಿದ್ದರು. ತಾನು ಮಾತ್ರ ಬಿಸಿಲು ಕಂಡ ಕೂಡಲೇ ತೋಳಿನ ಗುಂಡಿ ಹಾಕಿಕೊಳ್ಳುತ್ತಿದ್ದ.

“ತಿರುಗು, ಬೆನ್ನಿಗೆ ನಿನ್ನ ಕೈ ಎಟುಕಲ್ಲ,” ಎಂದು ಇವೋನಿ ವ್ಯಾಸಲೀನಿನ ಡಬ್ಬಿ ಹಿಡಿದು ಬಂದಳು. “ನಿನ್ನೆ ಸಂಜೆ ಆ ಒತೊನಿಯೆಲ್ ಬಂದುಹೋದಾಗಿಂದ ಕೆರ್ಕೋತಾನೇ ಇದೀಯ. ಏನಂದ ಅವನು?”

“ಏನಿಲ್ಲ. ಕ್ಲಬ್ಬಿನ ಈಜುಕೊಳದ ವಿಷಯ.”

“ಕೊಳದ ವಿಷಯಕ್ಕೆ ಮೊಣಕೈ ರಕ್ತ ಬರೋಹಾಗೆ ಕೆರ್ಕೋಬೇಕಾ, ಜೆನೆ?”

ಅವನು ಬೆನ್ನು ತಿರುಗಿಸಿದ. ಅವಳ ಬೆರಳು ಬೆನ್ನ ಮೇಲೆ ಆಡುತ್ತಿತ್ತು. ಇಷ್ಟು ವರ್ಷ ಇವನ ಪಕ್ಕದಲ್ಲೇ ಮಲಗಿದ ಈ ಹೆಂಗಸಿನ ಮೈಮೇಲೆ ಒಂದು ಸಾಸಿವೆಯಷ್ಟು ಕಲೆಯಿಲ್ಲ. ವೈದ್ಯಶಾಸ್ತ್ರದ ಯಾವ ಗ್ರಂಥಕ್ಕಿಂತಲೂ ದೊಡ್ಡ ಪುರಾವೆ ಅದು, ಆದರೆ ಅದನ್ನು ಎಲ್ಲಿ ಹೇಳಿಕೊಳ್ಳುವುದು?

ನಿನ್ನೆ ಕ್ಲಬ್ಬಿನ ಅಧ್ಯಕ್ಷ ಒತೊನಿಯೆಲ್ ಜಗಲಿಯ ಮೇಲೆ ಕೂತು, ತನ್ನದೇ ಕಬ್ಬಿನಿಂದ ಇಳಿಸಿದ ಸಾರಾಯಿಯ ಬಾಟಲಿಯನ್ನು ಉಡುಗೊರೆಯಾಗಿ ಮೇಜಿನ ಮೇಲಿಟ್ಟು, ಮಗಳ ಮದುವೆಯ ಮಾತು ತೆಗೆಯುವವನ ಹಾಗೆ ಗಂಟಲು ಸರಿಮಾಡಿಕೊಂಡಿದ್ದ. “ನೋಡಿ ಡಾಕ್ಟ್ರೇ, ನಮ್ಮ ಕ್ಲಬ್ಬಲ್ಲಿ ಯಾರೂ ಭೇದ ಮಾಡಲ್ಲ. ನನ್ನನ್ನ ಸಾಕಿದ್ದೇ ಕರಿಯ ಹೆಂಗಸು. ಅವಳ ಹಾಲು ಕುಡಿದು ಬೆಳೆದೋನು ನಾನು.” ಈ ಊರಿನ ಪ್ರತಿಯೊಬ್ಬ ದೊಡ್ಡ ಮನುಷ್ಯನೂ ಕರಿಯ ಹೆಂಗಸಿನ ಹಾಲು ಕುಡಿದೇ ಬೆಳೆದವನು. ಆ ಹೆಂಗಸರ ಸ್ವಂತ ಮಕ್ಕಳು ಏನು ಕುಡಿದು ಬೆಳೆದರು ಎಂಬುದನ್ನು ಯಾವ ದೊಡ್ಡ ಮನುಷ್ಯನೂ ಈವರೆಗೆ ಹೇಳಿಲ್ಲ. “ಆದ್ರೆ ನೀರು ಬೇರೆ ವಿಷಯ ನೋಡಿ.”

“ದೋನ ಮಾರ್ಲುಸಿ ವಿಚಾರಾನಾ?” ಎಂದ ಜೆನೇಸಿಯೊ, ಹೆಂಗಸರ ಹೆಸರಿಗೆ ಗೌರವಕ್ಕೆ ಹಚ್ಚುವ ‘ದೋನ’ ಸೇರಿಸಿ.

“ಹೆಸರ್ಯಾಕೆ ಬಿಡಿ. ಅವಳು ಮಾಡೋ ಕೊಶೀನ್ಯ ದಿನಾ ತಿಂತೀನಿ ನಾನು. ಒಳಗೆ ಕೋಳಿ, ಹೊರಗೆ ಗರಿಗರಿ, ಆಹಾ! ಅದು ಬೇರೆ. ಆದ್ರೆ ಅವಳ ಮೊಣಕೈ ನೋಡಿದೀರಾ? ನಮ್ಮ ಹೆಂಗಸರೆಲ್ಲ ಮಾತಾಡ್ಕೋತಿದಾರೆ.”

ವಿಷಯ ಇಷ್ಟು. ಕ್ಲಬ್ಬಿನ ಕ್ಯಾಂಟೀನಿಗೆ ಹಿಂಬಾಗಿಲಿನಿಂದ ಕರಿದ ತಿಂಡಿ ತಂದುಹಾಕುತ್ತಿದ್ದ ಮಾರ್ಲುಸಿ ಈಗ ಮುಂಬಾಗಿಲಿನಿಂದ ಬರುವವಳಾಗಿದ್ದಳು. ದಿವಾಳಿಯೆದ್ದ ಕಾಫಿ ತೋಟದವನೊಬ್ಬ ತನ್ನ ಸದಸ್ಯತ್ವದ ಪಾಲನ್ನು, ಯಾರು ಮೊದಲು ಕೇಳಿದರೋ ಅವರಿಗೆ ಎಂದು ಮಾರಿಬಿಟ್ಟಿದ್ದ. ಮೊದಲು ಕೇಳಿದವನು ಮಾರ್ಲುಸಿಯ ಗಂಡ, ಲಾರಿ ರಿಪೇರಿಯ ವಂದೆರ್ಲಿ. ಪಾಲು ಕೊಂಡವನು ಸದಸ್ಯ. ಅದನ್ನು ತಡೆಯಲು ಬೈಲಾದಲ್ಲಿ ದಾರಿಯಿರಲಿಲ್ಲ. ಬೈಲಾದಲ್ಲಿ ಬಣ್ಣದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಚರ್ಮದ ಬಗ್ಗೆ ಒಂದು ಇಡೀ ಅಧ್ಯಾಯವಿತ್ತು. ಕೊಳಕ್ಕಿಳಿಯುವ ಪ್ರತಿಯೊಬ್ಬರೂ ಋತುವಿನ ಆರಂಭದಲ್ಲಿ ಕ್ಲಬ್ಬಿನ ವೈದ್ಯನಾದ ಜೆನೇಸಿಯೊನ ಮುಂದೆ ಮೈ ತೋರಿಸಬೇಕು, ಕಾಲ್ಬೆರಳ ಸಂದಿ ಬಿಡಿಸಬೇಕು, ಕಾರ್ಡಿನ ಮೇಲೆ ‘ಅರ್ಹ’ ಎಂಬ ಹಸಿರು ಮುದ್ರೆ ಹಾಕಿಸಿಕೊಳ್ಳಬೇಕು. ‘ಅನರ್ಹ’ದ ಕೆಂಪು ಮುದ್ರೆಯೂ ಇತ್ತು. ಬಳಸದೆ ಅದರ ರಬ್ಬರು ಒಣಗಿ ಬಿರುಕುಬಿಟ್ಟಿತ್ತು.

“ಸುಳ್ಳು ಬರೀರಿ ಅಂತ ನಾನು ಹೇಳ್ತಿಲ್ಲ,” ಎಂದ ಒತೊನಿಯೆಲ್, ಏಳುತ್ತ. “ಚೆನ್ನಾಗಿ ನೋಡಿ ಅಂತಿದೀನಿ. ಚೆನ್ನಾಗಿ ನೋಡಿದ್ರೆ ಯಾರ ಮೈಮೇಲೆ ಏನು ಸಿಗಲ್ಲ ಹೇಳಿ? ಅಂದಹಾಗೆ, ನಿಮ್ಮ ಹುದ್ದೆಗೆ ಹೊಸ ಹುಡುಗರು ಅರ್ಜಿ ಹಾಕಿದಾರೆ. ನಾನಿರೋವರೆಗೆ ನೀವೇ, ತಲೆ ಕೆಡಿಸ್ಕೋಬೇಡಿ.”

ಜೆನೇಸಿಯೊ ತಲೆ ಕೆಡಿಸಿಕೊಂಡಿದ್ದು ಸಂಬಳಕ್ಕಲ್ಲ. ಅಗಸಗಿತ್ತಿಯ ಮಗ ಅವನು. ಈ ಊರಿನವರ ಒಳಉಡುಪನ್ನು ತಾಯಿ ಒಗೆದಳು, ಮಗ ಅವರ ಕಾಲ್ಬೆರಳ ಸಂದಿ ನೋಡುವಷ್ಟು ಮೇಲೇರಿದ, ಇದಕ್ಕೆ ಪ್ರಗತಿ ಎಂದು ಹೆಸರು. ಆದರೆ ಅದಕ್ಕೂ ಅಲ್ಲ. ಕ್ಲಬ್ಬಿನಲ್ಲಿ ಎಲ್ಲರ ಮೈಯನ್ನೂ ವೈದ್ಯ ನೋಡಬೇಕು, ವೈದ್ಯನ ಮೈಯನ್ನು ಮಾತ್ರ ವೈದ್ಯನೇ ನೋಡಿಕೊಂಡರಾಯಿತು. ಪ್ರತಿವರ್ಷವೂ ತನ್ನ ಕಾರ್ಡಿಗೆ ತಾನೇ ಹಸಿರು ಮುದ್ರೆ ಒತ್ತಿಕೊಂಡು, ಒಮ್ಮೆಯೂ ನೀರಿಗಿಳಿಯದೆ, ಕೊಡೆಯ ಕೆಳಗೆ ತುಂಬುತೋಳಿನ ಬಿಳಿ ಕೋಟಿನಲ್ಲಿ ಕೂತು ಬಂದಿದ್ದ. ಬೇರೆ ಯಾರೋ ಹೊಸ ಹುಡುಗ ಆ ಕುರ್ಚಿಯಲ್ಲಿ ಕೂತರೆ ಪರೀಕ್ಷೆಯ ಹಲಗೆಯ ಮೇಲೆ ಹತ್ತಿ ನಿಂತು ಕೋಟು ಬಿಚ್ಚಬೇಕಾದವನು ಜೆನೇಸಿಯೊ. ಇಲ್ಲವಾದರೆ ‘ಯಾಕೆ ಡಾಕ್ಟ್ರು ಕ್ಲಬ್ಬಿಗೆ ಬರೋದು ಬಿಟ್ರು’ ಎಂಬ ಪ್ರಶ್ನೆಗೆ ಊರು ಹತ್ತು ಉತ್ತರ ಹುಟ್ಟಿಸುತ್ತಿತ್ತು. ಉತ್ತರ ಹುಟ್ಟಿಸುವುದರಲ್ಲಿ ಈ ಊರು ಕಬ್ಬಿಗಿಂತ ಫಲವತ್ತು.

ಅಂದು ಪರೀಕ್ಷೆಯ ದಿನ. ಕ್ಲಬ್ಬಿಗೆ ನಡೆದು ಹೋಗುವ ದಾರಿಯಲ್ಲಿ ಆಕಾಶದಿಂದ ಮಸಿ ಉದುರುತ್ತಿತ್ತು. ಕಟಾವಿಗೆ ಮೊದಲು ಕಬ್ಬಿನ ಗರಿಗೆ ಬೆಂಕಿ ಹಾಕುವ ಕಾಲ. ಸುಟ್ಟ ಗರಿಯ ಕರಿ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಒಣಹಾಕಿದ ಬಟ್ಟೆ, ಚರ್ಚಿನ ಮೆಟ್ಟಿಲು, ಕ್ಲಬ್ಬಿನ ಕೊಳ ಎಲ್ಲದರ ಮೇಲೂ ಇಳಿಯುತ್ತಿದ್ದವು. ಒತೊನಿಯೆಲ್‌ನ ಗದ್ದೆಯ ಮಸಿ ಕೊಳದೊಳಗೆ ಬಿದ್ದರೆ ಅದು ಅಭಿವೃದ್ಧಿ. ಅದನ್ನು ಜಾಲರಿಯಿಂದ ಎತ್ತಿಹಾಕಲು ಇಬ್ಬರು ಆಳುಗಳಿದ್ದರು, ಅವರಿಗೆ ನೀರಿಗಿಳಿಯುವ ಅಪ್ಪಣೆಯಿರಲಿಲ್ಲ. ಜೆನೇಸಿಯೊನ ಹೆಗಲ ಮೇಲೂ ಒಂದು ಕರಿ ಎಳೆ ಬಂದು ಕೂತಿತು. ಅದನ್ನು ಕೊಡವಿದ. ಒಳಗಡೆಯಿಂದ ನಾನು ಬಿಳಿ ಉದುರಿಸುತ್ತೇನೆ, ಮೇಲಿನಿಂದ ಇವರು ಕರಿ ಉದುರಿಸುತ್ತಾರೆ, ಮುಚ್ಚಿಡಬೇಕಾದವನು ಮಾತ್ರ ನಾನು. ಕ್ಷೌರಿಕ ಬೆನೆದಿತು ಒಮ್ಮೆ ಅವನ ತಲೆಯ ಹುರುಪೆ ನೋಡಿ, “ನಿಮಗೇ ಅಂತ ಬೇರೆ ಬಾಚಣಿಗೆ ಇಟ್ಟಿದೀನಿ ಡಾಕ್ಟ್ರೇ,” ಎಂದು ತುಂಬ ಪ್ರೀತಿಯಿಂದ ಹೇಳಿದ್ದ. ಬೇರೆ ಬಾಚಣಿಗೆ. “ಹೊಟ್ಟು ಕಣಯ್ಯ, ಬರೀ ಹೊಟ್ಟು,” ಎಂದಿದ್ದ ಜೆನೇಸಿಯೊ ನಗುತ್ತ. ಆ ನಗುವಿನ ನೆನಪಿಗೆ ಈಗಲೂ ನೆತ್ತಿ ತುರಿಸಿತು. ನಡುರಸ್ತೆಯಲ್ಲಿ ಟೋಪಿ ತೆಗೆದು ಕೆರೆಯುವ ಹಾಗಿರಲಿಲ್ಲ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಡೆದ. ಎದುರಿಗೆ ಬಂದವರು, ಡಾಕ್ಟ್ರು ಏನೋ ಗಹನವಾದದ್ದು ಯೋಚಿಸುತ್ತಿದ್ದಾರೆ ಎಂದು ದಾರಿ ಬಿಟ್ಟರು.

ಪರೀಕ್ಷೆಯ ಕೋಣೆ ಬಟ್ಟೆ ಬದಲಿಸುವ ಕೋಣೆಗೆ ಅಂಟಿಕೊಂಡೇ ಇತ್ತು. ಒಂದು ದೀಪ, ಕಾಲಿಡಲು ಒಂದು ಹಲಗೆ, ಗೋಡೆಯ ಮೇಲೆ ಶಿಲುಬೆ. ಕ್ರಿಸ್ತನೊಬ್ಬನೇ ಆ ಕೋಣೆಯಲ್ಲಿ ಅರೆಬತ್ತಲೆ ನಿಂತು ಮುದ್ರೆ ಕೇಳದವನು. ಸಾಲು ಬಾಗಿಲಾಚೆಗೂ ಬೆಳೆದಿತ್ತು. ಬೆಳಗ್ಗೆಯೇ ಔಷಧಿ ಅಂಗಡಿಯ ಪೌಡರೆಲ್ಲ ಖರ್ಚಾಗಿರುತ್ತದೆಂದು ಅವನಿಗೆ ಗೊತ್ತಿತ್ತು: ಬೆರಳ ಸಂದಿಯ ಕೆಸರುಹುಣ್ಣನ್ನು ಇಡೀ ಚಳಿಗಾಲ ಜೋಪಾನವಾಗಿ ಬೆಳೆಸಿಕೊಂಡವರು ಪರೀಕ್ಷೆಯ ದಿನ ಅದರ ಮೇಲೆ ಪೌಡರು ಸುರಿದುಕೊಂಡು, ಹಿಟ್ಟಿನಲ್ಲಿ ಹೊರಳಿಸಿದ ಮೀನಿನಂತೆ ಕಾಲು ಮುಂದಿಡುತ್ತಿದ್ದರು. ನೋಟರಿಯ ಹೆಂಡತಿ ದೋನ ಅಮೆರಿಂದಾ ಬೆನ್ನಿನ ಸಿಬ್ಬಿನ ಮೇಲೆ ಮುಖಕ್ಕೆ ಬಳಿಯುವ ಬಣ್ಣ ಬಳಿದುಕೊಂಡು ಬಂದಿದ್ದಳು. ಬಣ್ಣ ಬೆವರಿಗೆ ಕರಗಿ ಸೊಂಟದವರೆಗೆ ಇಳಿದಿತ್ತು.

“ಇದು ಬರೀ ಸಿಬ್ಬು, ದೋನ ಅಮೆರಿಂದಾ. ಎಲ್ಲರ ಮೈಮೇಲೂ ಇರೋ ಬೂಷ್ಟು. ಬೆವರು, ಜಿಡ್ಡು ಸಿಕ್ಕಿದ್ರೆ ಹೆಚ್ಕೊಳ್ಳುತ್ತೆ ಅಷ್ಟೇ. ಮುಚ್ಚಬೇಡಿ, ಔಷಧಿ ಹಚ್ಚಿ. ಬೂಷ್ಟು ಹೋದ್ಮೇಲೂ ಬಿಳಿ ಮಚ್ಚೆ ಕೆಲವು ತಿಂಗಳು ಇರುತ್ತೆ, ಹೆದರ್ಕೋಬೇಡಿ.”

“ಅಯ್ಯೋ, ಮೆತ್ತಗೆ ಡಾಕ್ಟ್ರೇ! ಹೊರಗಡೆ ಕೇಳಿಸ್ಕೋತಾರೆ.”

ಹಸಿರು ಮುದ್ರೆ. ಬ್ಯಾಂಕಿನ ವ್ಯವಸ್ಥಾಪಕನ ತೊಡೆಯಲ್ಲಿ ಹುಳಕಡ್ಡಿ, ಉಂಗುರದ ಹಾಗೆ, ಅಂಚು ಕೆಂಪಗೆ; ಇದು ಮಾತ್ರ ನಿಜವಾಗಿ ಅಂಟುವಂಥದ್ದು. “ಟವೆಲ್ಲು ಯಾರ ಜೊತೆಗೂ ಹಂಚ್ಕೋಬೇಡಿ, ಒದ್ದೆ ಚಡ್ಡಿಯಲ್ಲಿ ಕೂರಬೇಡಿ, ತುರಿಕೆ ನಿಂತ್ರೂ ಮುಲಾಮು ನಿಲ್ಲಿಸಬೇಡಿ.” “ಹೆಂಡ್ತಿಗೆ ಹೇಳ್ಬೇಡಿ ಡಾಕ್ಟ್ರೇ.” ಹಸಿರು ಮುದ್ರೆ. ಕಾಯಿಲೆ ಹರಡುವುದು ಕೊಳದ ಔಷಧಿ ಹಾಕಿದ ನೀರಿನಲ್ಲಲ್ಲ, ಬಟ್ಟೆ ಬದಲಿಸುವ ಕೋಣೆಯ ಒದ್ದೆ ನೆಲದ ಮೇಲೆ. ಅಲ್ಲಿಗೆ ಒಂದು ಜೊತೆ ಹವಾಯಿ ಚಪ್ಪಲಿ ಸಾಕು, ವೈದ್ಯ ಬೇಡ. ಇದನ್ನು ಮೊದಲ ವರ್ಷವೇ ಒಂದು ವರದಿಯಾಗಿ ಬರೆದುಕೊಟ್ಟಿದ್ದ. ಆಡಳಿತ ಮಂಡಳಿ ಅದನ್ನು ಓದಿ, ಚಪ್ಪಲಿ ಹಾಕಿಕೊಂಡು ಓಡಾಡುವುದು ಆಳುಗಳ ಲಕ್ಷಣವೆಂದು ತೀರ್ಮಾನಿಸಿತ್ತು. ಒತೊನಿಯೆಲ್ ಬಂದ. ಬೂಟು ಬಿಚ್ಚಲಿಲ್ಲ; ಅಧ್ಯಕ್ಷರ ಬೂಟನ್ನು ಯಾರೂ ಬಿಚ್ಚಿಸಿದ ಸಂಪ್ರದಾಯವಿರಲಿಲ್ಲ. ಆ ಬೂಟಿನೊಳಗೆ ಏನಿದೆಯೆಂದು ಕೋಣೆಯ ಗಾಳಿಯೇ ಹೇಳುತ್ತಿತ್ತು. ಹಸಿರು ಮುದ್ರೆ. “ಮುಂದಿನದು ಅವಳದೇ,” ಎಂದು ಪಿಸುಗುಟ್ಟಿ, ಹೆಗಲು ತಟ್ಟಿ ಹೋದ.

ಮಾರ್ಲುಸಿ ಹಳದಿ ಈಜುಡುಪಿನಲ್ಲಿ ಬಂದಳು. ಸೊಂಟಕ್ಕೆ ಟವೆಲ್ಲು ಕೂಡ ಸುತ್ತಿರಲಿಲ್ಲ. ಬಾಗಿಲಲ್ಲೇ ಎರಡೂ ಮೊಣಕೈಗಳನ್ನು ರೊಟ್ಟಿ ತಟ್ಟಿ ತೋರಿಸುವವಳ ಹಾಗೆ ಮುಂದೆ ಚಾಚಿದಳು. “ಮೊದಲು ಇದನ್ನ ನೋಡ್ಬಿಡಿ ಡಾಕ್ಟ್ರೇ. ಬೆರಳ ಸಂದಿ ಆಮೇಲೆ ನೋಡೋರಂತೆ. ನನ್ನ ಬೆರಳ ಸಂದಿಗಾಗಿ ಯಾರೂ ನಿದ್ದೆ ಕೆಡಿಸಿಕೊಂಡಿಲ್ಲ, ಇದಕ್ಕೇ ತಾನೇ?”

ಜೆನೇಸಿಯೊ ದೀಪ ಹತ್ತಿರ ತಂದ. ಕಪ್ಪು ಚರ್ಮದ ಮೇಲೆ ಅದು ಕೆಂಪಾಗಿ ಕಾಣುವುದಿಲ್ಲ. ನೇರಳೆ ಮಿಶ್ರಿತ ಬೂದು, ಮೇಲೆ ಬೆಳ್ಳಿಯ ಹುರುಪೆ. ಬಣ್ಣವೊಂದು ಬಿಟ್ಟರೆ ತನ್ನದೇ ಮೊಣಕೈ. ಇದೇ ಗಡಿ, ಇದೇ ದಪ್ಪ, ಕೆರೆದಲ್ಲಿ ಇದೇ ಸೂಜಿಮೊನೆಯ ರಕ್ತ. ಬೇರೊಬ್ಬರ ಮೈಮೇಲೆ ತನ್ನನ್ನೇ ನೋಡಿದಂತಾಯಿತು. ಪಕ್ಕದಲ್ಲೊಂದು ಬೊಬ್ಬೆಯೆದ್ದ ಕಂದು ಕಲೆಯಿತ್ತು.

“ಇದೇನಿದು? ಸುಟ್ಕೊಂಡ್ರಾ?”

“ನಿಂಬೆಹಣ್ಣು. ನಮ್ಮ ಬೀದಿಯವಳು ಹೇಳಿದ್ಲು, ನಿಂಬೆರಸ ಹಚ್ಕೊಂಡು ಬಿಸಿಲಲ್ಲಿ ಕೂತ್ರೆ ಕಿತ್ಕೊಂಡು ಹೋಗುತ್ತೆ ಅಂತ. ಅದಕ್ಕೆ ಮುಂಚೆ ಮಂತ್ರ ಹಾಕೋಳ ಹತ್ರ ಹೋಗಿದ್ದೆ. ಚಿಕ್ಕೋಳಿದ್ದಾಗ ಬೆಚ್ಚಿಬಿದ್ದಿದ್ದಕ್ಕೆ ಬಂದಿದ್ದು ಅಂದ್ಲು. ಹೌದಾ?”

“ಬೆಚ್ಚಿದ್ದಕ್ಕೆ ಬರೋದಲ್ಲ. ನಿಂಬೆರಸಕ್ಕೂ ಬಿಸಿಲಿಗೂ ಆಗಿಬರಲ್ಲ, ಎರಡೂ ಸೇರಿದ್ರೆ ಚರ್ಮ ಬೇಯುತ್ತೆ. ಇನ್ಮೇಲೆ ಮುಟ್ಟಬೇಡಿ.” ಅವನ ಆಸ್ಪತ್ರೆಯ ದನಿ ತಾನಾಗಿಯೇ ಬಂತು. “ಜಿಡ್ಡು ಹಚ್ಚಿ. ಬಿಸಿ ನೀರು ಬೇಡ, ಉಗುರುಬೆಚ್ಚಗಿರಲಿ. ಎಳೆಬಿಸಿಲು ಒಳ್ಳೇದು. ಆಸ್ಪತ್ರೆಗೆ ಬನ್ನಿ, ಮುಲಾಮು ಬರೆದುಕೊಡ್ತೀನಿ.”

“ಬಿಸಿಲಿಗೇ ಬಂದಿರೋದು ನಾನು. ನಿಮ್ಮೋರು ಬಿಟ್ರೆ.” ನಕ್ಕಳು. “ಅಂಟುತ್ತಾ, ಡಾಕ್ಟ್ರೇ?”

ಅವನು ಬಾಯಲ್ಲಿ ಮೊದಲೇ ಸಿದ್ಧವಾಗಿದ್ದ ಮಾತನ್ನು ಹುಡುಕಿದ. ರಾತ್ರಿಯೆಲ್ಲ ಕೂಡಿಸಿಟ್ಟುಕೊಂಡದ್ದು: ರಾಜಧಾನಿಯ ತಜ್ಞರಿಂದ ಒಂದು ಪ್ರಮಾಣಪತ್ರ ತನ್ನಿ, ಅಲ್ಲಿಯವರೆಗೆ ತಾತ್ಕಾಲಿಕವಾಗಿ ಅನರ್ಹ. ತಾತ್ಕಾಲಿಕ ಎಂಬುದು ಎಷ್ಟು ಸುಸಂಸ್ಕೃತ ಪದ. ಈ ದೇಶದಲ್ಲಿ ಕರಿಯರು ಅದರೊಳಗೇ ಹುಟ್ಟಿ ಅದರೊಳಗೇ ಸಾಯುತ್ತಾರೆ. ಕೆಂಪು ಮುದ್ರೆಯ ಕಡೆ ಕೈ ಹೋಯಿತು. ಹಿಡಿಕೆಗೆ ಬೆರಳು ತಾಗಿದೊಡನೆ ಕೋಟಿನೊಳಗೆ ಅವನ ಎರಡೂ ಮೊಣಕೈಗಳು ಒಟ್ಟಿಗೇ ತುರಿಸಿದವು.

“ಇಲ್ಲ,” ಎಂದ.

“ಅಂಟಲ್ವಾ?”

“ಇಲ್ಲ. ಅಂಟಲ್ಲ.”

“ಸರಿ ಮತ್ತೆ, ಹಾಕಿ.”

ಹಸಿರು ಮುದ್ರೆ ಬಿತ್ತು. ಇದು ಧೈರ್ಯವಲ್ಲವೆಂದು ಅವನಿಗೆ ಕೂಡಲೇ ತಿಳಿಯಿತು. ತನ್ನ ಚರ್ಮಕ್ಕೆ ತನ್ನ ಕೈಯಿಂದಲೇ ಅನರ್ಹ ಎಂದು ಬರೆಯಲು ಮನಸ್ಸಾಗಲಿಲ್ಲ, ಅಷ್ಟೇ. ಅದೊಂದು ಬಗೆಯ ಜಂಬ. ಆದರೂ ಅವಳು ಹೋದ ಮೇಲೆ ಎದೆ ಸ್ವಲ್ಪ ಉಬ್ಬಿತು. ಒತೊನಿಯೆಲ್‌ಗೆ ಏನು ಹೇಳುವುದು? ಚೆನ್ನಾಗಿ ನೋಡಿದೆ, ಏನೂ ಸಿಗಲಿಲ್ಲ. ಎಷ್ಟು ತೂಕದ ಮಾತು! ಮುಂದಿನ ಮೂರ್ನಾಲ್ಕು ಕಾಲುಗಳನ್ನು ಮಾನವಕುಲದ ಬಗ್ಗೆ ಒಂದು ಬಗೆಯ ಔದಾರ್ಯದಿಂದಲೇ ನೋಡಿದ. ಒಬ್ಬನ ಹಿಮ್ಮಡಿಯ ಬಿರುಕಿಗೆ ಕೇಳದೆಯೇ ಸಲಹೆ ಕೊಟ್ಟ.

ಹೊರಗೆ ಧ್ವನಿವರ್ಧಕದ ಹಾಡು ನಿಂತಿತು. “ಡಾಕ್ಟರ್ ಜೆನೇಸಿಯೊ ಅವರು ದಯವಿಟ್ಟು ಕೊಳದ ಹತ್ತಿರ ಬರಬೇಕು.” ಅಧ್ಯಕ್ಷರ ದನಿ. ಲಾಟರಿ ಬಹುಮಾನ ಸಾರುವಾಗಲೂ ಅದೇ ದನಿ.

ಕೊಳದ ಸುತ್ತ ಸದಸ್ಯರೆಲ್ಲ ನಿಂತಿದ್ದರು, ಮೈಯಿಂದ ನೀರು ತೊಟ್ಟಿಕ್ಕುತ್ತ, ತೋಳು ಕಟ್ಟಿಕೊಂಡು. ಕೊಳದೊಳಗೆ ಮಾರ್ಲುಸಿ ಒಬ್ಬಳೇ. ಅವಳು ಇಳಿದ ಕೂಡಲೇ ಉಳಿದವರೆಲ್ಲ, ಯಾರೋ ನೀರಿನಲ್ಲಿ ಕಾದ ಕಬ್ಬಿಣ ಅದ್ದಿದಂತೆ, ಒಬ್ಬೊಬ್ಬರಾಗಿ ಮೇಲೇರಿದ್ದರು. ಯಾರೂ ಕೆಟ್ಟ ಮಾತಾಡಿರಲಿಲ್ಲ. ಈ ಊರಿನಲ್ಲಿ ಕೆಟ್ಟ ಮಾತು ಆಡುವುದಿಲ್ಲ, ಮೇಲೇರಿಬಿಡುತ್ತಾರೆ. ಅವಳು ಎದೆಮಟ್ಟದ ನೀರಿನಲ್ಲಿ ಅಂಚು ಹಿಡಿದು ನಿಂತು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದಳು. ಗಂಡ ಮಧ್ಯಾಹ್ನಕ್ಕೆ ಬರುವವನಿದ್ದ.

“ಸದಸ್ಯರಿಗೆ ಒಂದು ಸಣ್ಣ ಅನುಮಾನ ಡಾಕ್ಟ್ರೇ,” ಎಂದ ಒತೊನಿಯೆಲ್ ಮೈಕಿನಲ್ಲಿ, ತುಂಬ ವಿನಯದಿಂದ. “ಆಯಮ್ಮನ ಮೈಮೇಲಿರೋದು ಅಂಟುತ್ತೋ ಇಲ್ವೋ?”

“ಅಂಟಲ್ಲ.”

“ಗ್ಯಾರಂಟಿನಾ?”

“ಗ್ಯಾರಂಟಿ.”

“ಹಾಗಾದ್ರೆ ನೀವೇ ಇಳಿದು ತೋರಿಸಿ!” ಎಂದು ದೋನ ಅಮೆರಿಂದಾ ಕೂಗಿದಳು. ಬೆನ್ನಿನ ಬಣ್ಣ ಈಗ ಅವಳ ತೊಡೆಯವರೆಗೆ ಬಂದಿತ್ತು. ಎಲ್ಲರೂ ನಕ್ಕರು, ಮನೆಯವರ ನಡುವಿನ ತಮಾಷೆಯ ನಗು. “ಇಳೀಲಿ, ಇಳೀಲಿ! ನಾವ್ಯಾರೂ ಡಾಕ್ಟ್ರನ್ನ ನೀರಲ್ಲಿ ನೋಡೇ ಇಲ್ಲ.” “ಈಜು ಬರುತ್ತೇನ್ರೀ ಅವರಿಗೆ?” “ಕೋಟು ಹಾಕ್ಕೊಂಡೇ ಹುಟ್ಟಿದ್ದು ಕಣೋ ಅವ್ರು!”

ಜೆನೇಸಿಯೊನ ಬೆನ್ನಿನ ಮೇಲೆ ಬೆವರು ವ್ಯಾಸಲೀನಿನ ಜೊತೆ ಇಳಿಯುತ್ತಿತ್ತು. ಇಳಿಯದಿದ್ದರೆ ತಾನು ಕೊಟ್ಟ ಗ್ಯಾರಂಟಿ ಸುಳ್ಳು; ಅವಳು ಹೊರಗೆ. ಇಳಿದರೆ ಕೋಟು ಬಿಚ್ಚಬೇಕು; ಬಿಚ್ಚಿದರೆ, ಇವನಿಗೆ ಮೊದಲೇ ಇದೆ, ಅದಕ್ಕೇ ಹೆದರಿಕೆಯಿಲ್ಲ ಎನ್ನುತ್ತಾರೆ; ಗ್ಯಾರಂಟಿ ಆಗಲೂ ಸುಳ್ಳು. ತರ್ಕಶಾಸ್ತ್ರದ ಎಷ್ಟು ಚೆಂದದ ಸಮಸ್ಯೆ. ಹುಡುಗನಾಗಿದ್ದಾಗ, ತಾಯಿ ಬಟ್ಟೆ ಒಗೆಯುತ್ತಿದ್ದ ಹೊಳೆಯಲ್ಲಿ ಎಷ್ಟು ಸಲೀಸಾಗಿ ಬತ್ತಲೆ ಹಾರುತ್ತಿದ್ದ, ಆಗ ಅವನ ಮೈಯಲ್ಲಿ ಚರ್ಮ ಇದೆಯೆಂಬುದೇ ನೆನಪಿರುತ್ತಿರಲಿಲ್ಲ. ಕೈ ಗುಂಡಿಯ ಮೇಲೆ ಹೋಯಿತು. ಯಾರ ಕೈಯೋ ಎಂಬಂತೆ ಅದನ್ನು ನೋಡಿದ. ಕೋಟು ಬಿದ್ದಿತು. ಅಂಗಿಯ ತೋಳು ಮೊಣಕೈಯ ಹುರುಪೆಗೆ ಸಿಕ್ಕಿಕೊಂಡು, ಎಳೆದಾಗ ಬಂತು.

ಮೊಣಕೈ, ಭುಜ, ಬೆನ್ನು, ಸೊಂಟದ ಸುತ್ತ ಒಂದು ನಕ್ಷೆಯ ಹಾಗೆ ಕೆಂಪು ದ್ವೀಪಗಳು. ಈಗ ಹೇಳಬೇಕು ಎಂದುಕೊಂಡ. ಇದು ನನ್ನದು, ಹಳೆಯದು, ನನ್ನ ಹೆಂಡತಿಗೇ ಅಂಟಿಲ್ಲ. ಎಷ್ಟು ಸಣ್ಣ ವಾಕ್ಯ. ಬಾಯಿ ತೆರೆದ.

“ಅಯ್ಯೋ ದೇವರೇ!” ಒತೊನಿಯೆಲ್‌ನ ದನಿ ಮೈಕಿನಲ್ಲಿ ಒಡೆಯಿತು. “ನೋಡಿ, ನೋಡಿ! ಡಾಕ್ಟ್ರಿಗೇ ಅಂಟಿಬಿಟ್ಟಿದೆ! ಬೆಳಗ್ಗೆ ತಾನೇ ಅವಳನ್ನ ಮುಟ್ಟಿದ್ದು!”

ಮತ್ತೆ ಯಾರಿಗೂ ಯಾವ ಅನುಮಾನವೂ ಉಳಿಯಲಿಲ್ಲ. ಪದವೀಧರರು, ವಕೀಲರು, ಜೀವಶಾಸ್ತ್ರದ ಮೇಷ್ಟ್ರು ಒಬ್ಬರು, ಎಲ್ಲರೂ ಒಂದೇ ಹೆಜ್ಜೆ ಹಿಂದೆ ಸರಿದರು. ಒಂದು ಬೆಳಗಿನಲ್ಲಿ ಒಬ್ಬ ಮನುಷ್ಯನ ಮೈ ಸೊಂಟದವರೆಗೆ ಆಕ್ರಮಿಸಿಕೊಳ್ಳುವ ರೋಗವನ್ನು ನಂಬುವುದು ಅವರಿಗೆ ಎಷ್ಟು ಸುಲಭವಾಯಿತು! ಕರಿಯ ಹೆಂಗಸು ಮುಟ್ಟಿದರೆ ಏನು ತಾನೇ ಆಗಲಿಕ್ಕಿಲ್ಲ. “ಪಾಪ, ಡಾಕ್ಟ್ರು.” “ಕರ್ತವ್ಯ ಮಾಡೋಕೆ ಹೋಗಿ ಹೀಗಾಯ್ತಲ್ಲ.” “ಅದಕ್ಕೇ ನಾನು ಮೊದಲೇ ಅಂದಿದ್ದೆ.” ಯಾರೋ ದೂರದಿಂದ ಟವೆಲ್ಲು ಎಸೆದರು. ಯಾರೋ ನೆರಳಿಗೆ ಕುರ್ಚಿ ದೂಡಿದರು. ಎಳನೀರು ಬಂತು. ಅಧ್ಯಕ್ಷ ಮೈಕನ್ನು ಮೇಜಿನ ಮೇಲಿಟ್ಟು, “ಎಲ್ಲ ಖರ್ಚೂ ಕ್ಲಬ್ಬಿನದೇ ಡಾಕ್ಟ್ರೇ, ರಾಜಧಾನಿಗೇ ಕರ್ಕೊಂಡು ಹೋಗ್ತೀವಿ,” ಎಂದು ಎರಡು ಮಾರು ದೂರದಿಂದಲೇ ಧೈರ್ಯ ಹೇಳಿದ.

ಜೆನೇಸಿಯೊ ಕೂತ. ಎಳನೀರು ಒಂದು ಗುಟುಕು ಕುಡಿದ. ನಾಚಿಕೆಗೇಡೆಂದರೆ, ಅದು ಹಿತವಾಗಿತ್ತು. ಬಟ್ಟೆಯಿಲ್ಲದ ಬೆನ್ನಿಗೆ ಗಾಳಿ ತಾಗಿ ಎಷ್ಟು ಕಾಲವಾಗಿತ್ತು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಇಷ್ಟು ಜನ ನೋಡುತ್ತಿದ್ದರೂ ಯಾರ ಕಣ್ಣಲ್ಲೂ ಅಸಹ್ಯವಿಲ್ಲ; ಇದ್ದದ್ದು ಕರುಣೆ, ಗೌರವ. ರಣರಂಗದಲ್ಲಿ ಗಾಯಗೊಂಡವನಿಗೆ ಸಿಗುವಂಥದ್ದು. ಇನ್ನು ಮುಂದೆ ಹೊದಿಕೆ ಹಿತ್ತಲಲ್ಲಿ ಕೊಡವಬೇಕಿಲ್ಲ. ಬೇರೆ ಬಾಚಣಿಗೆಯೂ ಒಂದು ಪದಕವಾಗುತ್ತದೆ. ಹುದ್ದೆ ಅವನದೇ, ಬಹುಶಃ ಕೊಳದ ದಂಡೆಗೆ ಅವನ ಹೆಸರನ್ನೇ ಇಡುತ್ತಾರೆ. ಮಾಡಬೇಕಾದ್ದು ಇಷ್ಟೇ, ಸುಮ್ಮನಿರುವುದು. ಮತ್ತು ಸುಮ್ಮನಿರುವುದರಲ್ಲಿ ಅವನಷ್ಟು ಪಳಗಿದವನು ಆ ಊರಲ್ಲಿ ಇನ್ನೊಬ್ಬನಿರಲಿಲ್ಲ.

“ನೀನು ಹೊರಡಮ್ಮ,” ಎಂದು ಒತೊನಿಯೆಲ್ ಕೊಳದ ಕಡೆ ತಿರುಗಿದ. “ಮಾಡೋದೆಲ್ಲ ಮಾಡಾಯ್ತಲ್ಲ.”

“ನಾನೇನು ಮಾಡ್ದೆ?” ಮಾರ್ಲುಸಿ ಅಧ್ಯಕ್ಷನನ್ನು ಕೇಳಲಿಲ್ಲ, ಜೆನೇಸಿಯೊನನ್ನು ಕೇಳಿದಳು. ಅವಳ ಕಣ್ಣು ಅವನ ಮೊಣಕೈಯ ಮೇಲಿತ್ತು. ಒಂದು ಬೆಳಗಿನಲ್ಲಿ ಬಂದದ್ದು ಯಾವುದು, ಮೈಯೊಂದಿಗೆ ಮುದಿಯಾದದ್ದು ಯಾವುದು ಎಂದು ತಿಳಿಯಲು ಅವಳಿಗೆ ಡಾಕ್ಟರ ಪದವಿ ಬೇಕಿರಲಿಲ್ಲ. ಅವನು ಎಳನೀರಿನ ಬುರುಡೆಯೊಳಗೆ ನೋಡಿದ. ಅವಳು ಕಾದಳು. ಆಮೇಲೆ ಮತ್ತೇನೂ ಕೇಳದೆ ಏಣಿ ಹತ್ತಿದಳು. ದಂಡೆಯ ಮೇಲೆ ನಿಂತವರು ಅವಳಿಗೆ ಅಗಲವಾದ ದಾರಿ ಬಿಟ್ಟರು. ರಾಣಿಗೂ ಅಷ್ಟು ದಾರಿ ಯಾರೂ ಬಿಡಲಿಕ್ಕಿಲ್ಲ. ಆ ದಾರಿಯಲ್ಲಿ ಎರಡು ಹೆಜ್ಜೆ ನಡೆದವಳು ಕೈಗಳನ್ನು ಎದೆಯ ಮೇಲೆ ಅಡ್ಡ ತಂದು, ಎಡ ಅಂಗೈಯಿಂದ ಬಲ ಮೊಣಕೈಯನ್ನೂ ಬಲ ಅಂಗೈಯಿಂದ ಎಡ ಮೊಣಕೈಯನ್ನೂ ಮುಚ್ಚಿಕೊಂಡಳು. ತಲೆ ತಗ್ಗಿತು.

ಜೆನೇಸಿಯೊಗೆ ಆ ಭಂಗಿ ಗೊತ್ತಿತ್ತು. ಅದು ಅವಳದಲ್ಲ. ಅದು ಅವನದು, ಬೆಳಗಿನವರೆಗೆ ಅವಳ ಮೈಮೇಲೆ ಅದು ಇರಲಿಲ್ಲ. ಈ ರೋಗದಲ್ಲಿ ಅಂಟುವುದು ಇದೊಂದೇ, ಮತ್ತು ಅದನ್ನು ಅಂಟಿಸಿದವನು ತಾನು.

“ಹಳೇದು,” ಎಂದ. ಮೇಜಿನ ಮೇಲಿದ್ದ ಮೈಕು ಅದನ್ನು ಎತ್ತಿಕೊಂಡು ಕ್ಯಾಂಟೀನಿನವರೆಗೂ ಒಯ್ದಿತು. ಎಲ್ಲರೂ ತಿರುಗಿದರು. ಅವನು ಎದ್ದುನಿಂತ. “ಇದು ನಂದು. ಇವರದಲ್ಲ. ನಿಮ್ಮ ಕ್ಲಬ್ಬಿಗೆ ಬರೋಕೆ ಮುಂಚೆಯಿಂದ ಇದೆ.”

“ಡಾಕ್ಟ್ರೇ, ಬಿಸಿಲು ಜಾಸ್ತಿಯಾಗಿದೆ ನಿಮಗೆ, ಕೂತ್ಕೊಳ್ಳಿ,” ಎಂದ ಒತೊನಿಯೆಲ್.

“ನೀವು ಕೂತ್ಕೊಳ್ಳಿ. ಪ್ರತಿವರ್ಷ ನಿಮ್ಮೆಲ್ಲರ ಬೆರಳ ಸಂದಿ ಬಿಡಿಸಿ ನೋಡಿದ್ದು ಇದೇ ಮೈಯ ಕೈ. ನಿಮ್ಮ ಮಕ್ಕಳನ್ನ ಎತ್ತಿ ಹಲಗೆ ಮೇಲೆ ನಿಲ್ಲಿಸಿದ್ದೂ ಇದೇ. ಒಬ್ಬರಿಗಾದ್ರೂ ಅಂಟಿದ್ಯಾ? ಹೇಳಿ. ಅಂಟಿದ್ಯಾ?”

ಅವನು ನಿರೀಕ್ಷಿಸಿದ್ದ ಉತ್ತರ ‘ಇಲ್ಲ’. ಅಂಥ ಸರಳ ಉತ್ತರ ಆ ಸಭೆಯಲ್ಲಿ ಯಾರಲ್ಲೂ ಇರಲಿಲ್ಲ. ದೋನ ಅಮೆರಿಂದಾ ಒಂದು ಚೀತ್ಕಾರ ಹೊರಡಿಸಿ ಮಗನ ತೋಳು ಹಿಡಿದೆಳೆದು ತಿರುಗಿಸಿ ತಿರುಗಿಸಿ ನೋಡತೊಡಗಿದಳು. ಬ್ಯಾಂಕಿನವನು ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದ. ಜೀವಶಾಸ್ತ್ರದ ಮೇಷ್ಟ್ರು ಹೆಂಡತಿಗೆ ಬೆನ್ನು ಕೊಟ್ಟು, “ಏನಾದ್ರೂ ಕಾಣ್ತಿದ್ಯಾ? ಸರಿಯಾಗಿ ನೋಡೇ,” ಎಂದು ಬೇಡುತ್ತಿದ್ದರು.

ಮಾರ್ಲುಸಿ ನಿಂತಲ್ಲೇ ನಿಂತಿದ್ದಳು. ಅಂಗೈಗಳು ಮೊಣಕೈ ಬಿಟ್ಟು ಸೊಂಟಕ್ಕೆ ಹೋದವು. ಅವಳ ಮುಖದಲ್ಲಿ ಮೆಚ್ಚುಗೆಯಂಥದ್ದೇನೂ ಇರಲಿಲ್ಲ.

“ಇಷ್ಟು ಹೊತ್ತು ಬೇಕಾಯ್ತಾ ನಿಮಗೆ?” ಎಂದಳು.

ಜವಾಬಿಗೆ ಅವಳು ಕಾಯಲಿಲ್ಲ. ತಿರುಗಿ ಹೋಗಿ, ಏಣಿಯನ್ನು ಲೆಕ್ಕಿಸದೆ ದಂಡೆಯಿಂದಲೇ ದಡಾರನೆ ನೀರಿಗೆ ಹಾರಿದಳು. ಎದ್ದ ನೀರು ಅಧ್ಯಕ್ಷರ ಪ್ಯಾಂಟಿನವರೆಗೆ ಬಂತು. ಜೆನೇಸಿಯೊ ಪಾದರಕ್ಷೆ ಕಳಚಿ, ಪ್ಯಾಂಟಿನಲ್ಲೇ, ಏಣಿಯ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದ. ನೀರು ಮೊಣಕೈ ಮುಟ್ಟಿದಾಗ ಚುರ್ರೆಂದು ಉರಿಯಿತು, ಆಮೇಲೆ ಉರಿ ಇಳಿಯಿತು. ಅಷ್ಟಗಲದ ಕೊಳದಲ್ಲಿ ಇಬ್ಬರೇ, ಪರಸ್ಪರ ಮಾತಾಡಿಕೊಳ್ಳದೆ, ಸಾಕಷ್ಟು ದೂರದಲ್ಲಿ. ಮೇಲೆ, ದಂಡೆಯುದ್ದಕ್ಕೂ, ಊರಿನ ಗಣ್ಯರು ತಮ್ಮ ತಮ್ಮ ಚರ್ಮವನ್ನು ಉಗುರಿನಿಂದ ಗೀರಿ ಗೀರಿ ಪರೀಕ್ಷಿಸಿಕೊಳ್ಳುತ್ತಿದ್ದರು. ಅರ್ಹರೆಂದು ಹೇಳಲು ಅವರಿಗೆ ಈಗ ಯಾರೂ ಇರಲಿಲ್ಲ.